ಮಹಾಮಾರಿ ಬಂದರೆ ಕಾರ್ಖಾನೆಯ ಸುರಕ್ಷತಾ ನಿಯಮಗಳು ರದ್ದಾಗುತ್ತವೆಯೇ? ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

"ರೋಗದ ಕಾಲ. ಕರೆಂಟು, ನೀರು, ಔಷಧಿ ನಿಲ್ಲುವಂತಿಲ್ಲ. ಹಾಗಾಗಿ ಸೇಫ್ಟಿ ರೂಲ್ಸ್ ಎಲ್ಲ ಸದ್ಯಕ್ಕೆ ಬಂದ್. ಎಷ್ಟು ಗಂಟೆ ಹೇಳಿದರೂ ದುಡಿಯಬೇಕು." ಇಂಥ ಮಾತನ್ನು ಕೊರೊನಾ ಕಾಲದಲ್ಲಿ ನೀವೂ ಕೇಳಿರಬಹುದು. ಇದಕ್ಕೆ ಪೂರ್ತಿ ವಿರುದ್ಧವಾದ ಮಾತೂ ಇದೆ: "ಯಾವ ನಿಯಮವನ್ನೂ ಯಾರೂ ಸಡಿಲಿಸುವಂತಿಲ್ಲ, ಸಡಿಲಿಸಿದರೆ ಅದು ಅಪರಾಧ." ಎರಡೂ ಸರಿಯಲ್ಲ.

ಚುಟುಕಾಗಿ ಉತ್ತರ ಹೀಗಿದೆ. ತುರ್ತು ಕಾಲದಲ್ಲಿ ಕೆಲವು ನಿಯಮಗಳನ್ನು ಸರ್ಕಾರ ಕೆಲವು ದಿನಗಳ ಮಟ್ಟಿಗೆ ಸಡಿಲಿಸಬಹುದು. ಆದರೆ ಅದು ಬರಹದಲ್ಲಿರಬೇಕು, ಅವಧಿ ಇರಬೇಕು, ಷರತ್ತು ಇರಬೇಕು. 'ಅಗತ್ಯ ಸೇವೆ' ಎಂಬ ಹೆಸರು ಬಿದ್ದ ಮಾತ್ರಕ್ಕೆ ಹೆಲ್ಮೆಟ್, ಬೆಲ್ಟ್, ಪರ್ಮಿಟ್, ವಿಶ್ರಾಂತಿ ಯಾವುದೂ ತಾನಾಗಿಯೇ ರದ್ದಾಗುವುದಿಲ್ಲ. ಕರ್ನಾಟಕದಲ್ಲಿ 2020ರಲ್ಲಿ ಹೊರಬಿದ್ದ ಒಂದು ಸಡಿಲಿಕೆ ಆದೇಶ ಸುಮಾರು 20 ದಿನ ಮಾತ್ರ ನಿಂತಿತು. ಆದರೆ ಅದಾದ ಮೇಲೆ ಕಾನೂನೇ ಬದಲಾಗಿದೆ. ಮುಂದಿನ ಸಲ ಏನಾಗಬಹುದು ಎಂಬುದನ್ನು ಅದಕ್ಕಾಗಿಯೇ ಈಗಲೇ ತಿಳಿದುಕೊಳ್ಳಬೇಕು.

ಇದು ಯಾರಿಗೆ ಸಂಬಂಧಿಸಿದ ಮಾತು?

ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ಭಾಗದ ಮಸೂತಿ, ತೆಲಗಿ, ಗೊಳಸಂಗಿ, ಕೂಡಗಿ ಊರುಗಳ ಜನರಿಗೆ ಇದು ದೂರದ ವಿಷಯವಲ್ಲ. ಇಲ್ಲಿಯೇ ಎನ್‌ಟಿಪಿಸಿಯ ಕೂಡಗಿ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಇದೆ. ತಲಾ 800 ಮೆಗಾವ್ಯಾಟ್‌ನ ಮೂರು ಘಟಕ, ಒಟ್ಟು 2,400 ಮೆಗಾವ್ಯಾಟ್ ಸಾಮರ್ಥ್ಯ. ನೀರು ಆಲಮಟ್ಟಿ ಜಲಾಶಯದಿಂದ ಬರುತ್ತದೆ. ಈ ಸ್ಥಾವರಕ್ಕೆ ಜಮೀನು ಬಿಟ್ಟುಕೊಟ್ಟ ಊರುಗಳಲ್ಲಿ ಮಸೂತಿಯೂ ಒಂದು.

ಇಂಥ ಸ್ಥಾವರದಲ್ಲಿ ಕಲ್ಲಿದ್ದಲು ಸಾಗಿಸುವ ಕನ್ವೇಯರ್, ಬಾಯ್ಲರ್, ಟರ್ಬೈನ್, ಹಾರುಬೂದಿ ವಿಭಾಗ, ಸ್ವಿಚ್‌ಯಾರ್ಡ್ ಎಲ್ಲ ಕಡೆ ಹಗಲು ರಾತ್ರಿ ಪಾಳಿ ನಡೆಯುತ್ತದೆ. ಕಾಯಂ ನೌಕರರ ಜೊತೆಗೆ ಗುತ್ತಿಗೆ ಕಾರ್ಮಿಕರೂ ಇರುತ್ತಾರೆ. ಎತ್ತರ, ಶಾಖ, ಒತ್ತಡ, ದೂಳು, ಹೈವೋಲ್ಟೇಜ್ ಐದೂ ಒಂದೇ ಆವರಣದಲ್ಲಿ ಇರುತ್ತವೆ. ಹಾಗಾಗಿ 'ನಿಯಮ ಸಡಿಲಿಕೆ' ಎಂದರೆ ಇಲ್ಲಿ ಬರೀ ಕಾಗದದ ಮಾತಲ್ಲ. ಹೆಸ್ಕಾಂ ಲೈನ್‌ಮನ್, ನೀರು ಸರಬರಾಜು ಸಿಬ್ಬಂದಿ, ಪೌರಕಾರ್ಮಿಕರು, ಆಂಬುಲೆನ್ಸ್ ಚಾಲಕರು, ಆಸ್ಪತ್ರೆ ಸಿಬ್ಬಂದಿ ಇವರಿಗೂ ಮಾತು ಇದೇ.

'ಅಗತ್ಯ ಸೇವೆ' ಎಂದರೆ ಯಾವುದರಿಂದ ವಿನಾಯಿತಿ?

2020ರ ಮಾರ್ಚ್ 24ರಂದು ಕೇಂದ್ರ ಗೃಹ ಸಚಿವಾಲಯ ಲಾಕ್‌ಡೌನ್ ಮಾರ್ಗಸೂಚಿ ಹೊರಡಿಸಿತು. ಅದರಲ್ಲಿ ವಿದ್ಯುತ್ ಉತ್ಪಾದನೆ, ಪ್ರಸರಣ ಮತ್ತು ವಿತರಣೆಗೆ ವಿನಾಯಿತಿ ಇತ್ತು. ಗೊಂದಲ ಹುಟ್ಟಿದ್ದು ಈ 'ವಿನಾಯಿತಿ' ಎಂಬ ಪದದಿಂದ. ಆ ವಿನಾಯಿತಿ ಸಿಕ್ಕಿದ್ದು ಲಾಕ್‌ಡೌನ್‌ನಿಂದ, ಅಂದರೆ ಬಾಗಿಲು ಮುಚ್ಚಬೇಕೆಂಬ ಆದೇಶದಿಂದ. ಕಾರ್ಖಾನೆ ಕಾಯ್ದೆಯಿಂದಲ್ಲ.

ವಾಸ್ತವದಲ್ಲಿ ನಿಯಮಗಳು ಕಡಿಮೆಯಾಗಲಿಲ್ಲ, ಹೆಚ್ಚಾದವು. 2020ರ ಏಪ್ರಿಲ್ 15ರ ಆದೇಶದಲ್ಲಿ ಕೆಲಸದ ಸ್ಥಳಗಳಿಗೆ ಹೊಸ ಷರತ್ತುಗಳು ಬಂದವು: ಗೇಟಿನಲ್ಲಿ ಜ್ವರ ತಪಾಸಣೆ, ಎರಡು ಪಾಳಿಗಳ ನಡುವೆ ಒಂದು ಗಂಟೆ ಅಂತರ, ಊಟದ ಬಿಡುವು ಎಲ್ಲರಿಗೂ ಒಂದೇ ಹೊತ್ತಿಗೆ ಬೇಡ, ಕಾರ್ಮಿಕರಿಗೆ ವೈದ್ಯಕೀಯ ವಿಮೆ, ಇತ್ಯಾದಿ.

ಇನ್ನೊಂದು ಗೊಂದಲ ಎಸ್ಮಾ ಕುರಿತದ್ದು. "ಎಸ್ಮಾ ಜಾರಿಯಾಗಿದೆ, ಇನ್ನು ಬಾಯಿ ತೆರೆಯುವಂತಿಲ್ಲ" ಎನ್ನುವವರಿದ್ದಾರೆ. ಎಸ್ಮಾ ಅಗತ್ಯ ಸೇವೆಗಳಲ್ಲಿ ಮುಷ್ಕರವನ್ನು ತಡೆಯುವ ಕಾನೂನು. ಅದು ಸುರಕ್ಷತಾ ನಿಯಮವನ್ನು ರದ್ದು ಮಾಡುವುದಿಲ್ಲ. ಬೆಲ್ಟ್ ಇಲ್ಲದೆ ಹತ್ತಲಾರೆ ಎಂದು ಹೇಳುವುದು ಮುಷ್ಕರವಲ್ಲ.

ಹಾಗಾದರೆ ಸಡಿಲಿಕೆ ಬೇಕಾಗುವುದೇ ಇಲ್ಲವೇ?

ಬೇಕಾಗುತ್ತದೆ. ಇದನ್ನು ಒಪ್ಪಿಕೊಳ್ಳದಿದ್ದರೆ ಚರ್ಚೆ ಪೂರ್ತಿಯಾಗುವುದಿಲ್ಲ.

2020ರ ಏಪ್ರಿಲ್ 5ರ ರಾತ್ರಿ 9 ಗಂಟೆ ನೆನಪಿಸಿಕೊಳ್ಳಿ. ದೇಶದಾದ್ಯಂತ ಜನರು 9 ನಿಮಿಷ ದೀಪ ಆರಿಸಿದರು. ಕೆಲವೇ ನಿಮಿಷಗಳಲ್ಲಿ ವಿದ್ಯುತ್ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿಯಿತು. "ಗ್ರಿಡ್ ಕುಸಿದು ಬೀಳುತ್ತದೆ" ಎಂಬ ಫಾರ್ವರ್ಡ್‌ಗಳು ಆಗ ಓಡಾಡುತ್ತಿದ್ದವು. ಕುಸಿಯಲಿಲ್ಲ. ಕಾರಣ, ನಿಯಂತ್ರಣ ಕೊಠಡಿಗಳಲ್ಲಿ ಅನುಭವಿಗಳು ಕೂತಿದ್ದರು. ಮೊದಲೇ ಲೆಕ್ಕ ಹಾಕಿ, ಜಲವಿದ್ಯುತ್ ಕೇಂದ್ರಗಳ ಉತ್ಪಾದನೆಯನ್ನು ಬೇಗ ಇಳಿಸಿ, ಮತ್ತೆ ಬೇಗ ಏರಿಸಿದರು.

ಅಂಥ ಕೊಠಡಿಯ ಅರ್ಧ ಸಿಬ್ಬಂದಿ ಒಂದೇ ವಾರ ಸೋಂಕಿನಿಂದ ಮಲಗಿದರೆ? ಅವರ ಜಾಗಕ್ಕೆ ನಾಳೆ ಬೆಳಿಗ್ಗೆ ಹೊಸಬರನ್ನು ತರಲಾಗದು. ಆಸ್ಪತ್ರೆಯ ವೆಂಟಿಲೇಟರ್, ಆಮ್ಲಜನಕ ಘಟಕ, ಕುಡಿಯುವ ನೀರಿನ ಪಂಪು ಎಲ್ಲಕ್ಕೂ ಕರೆಂಟೇ ಆಧಾರ. ಆದ್ದರಿಂದ ಉಳಿದವರು ಸ್ವಲ್ಪ ಹೆಚ್ಚು ಹೊತ್ತು ದುಡಿಯಬೇಕಾದ ಸಂದರ್ಭ ಬರಬಹುದು. ಹಾಗಾಗಿ 'ಸಡಿಲಿಸಬೇಕೇ ಬೇಡವೇ' ಎಂದಷ್ಟೇ ಕೇಳಿದರೆ ಸಾಲದು. ಯಾವುದನ್ನು, ಎಷ್ಟು ದಿನ, ಅದಕ್ಕೆ ಬದಲಾಗಿ ಏನು ಕೊಟ್ಟು ಎಂಬುದನ್ನೂ ಕೇಳಬೇಕು.

ಸಡಿಲಿಕೆಯಲ್ಲಿ ಮೂರು ಬಗೆ

1. ಕಾಗದದ ಸಡಿಲಿಕೆ. 2020ರ ಮಾರ್ಚ್ 30ರಂದು ಕೇಂದ್ರ ಸಾರಿಗೆ ಸಚಿವಾಲಯ, ಫೆಬ್ರವರಿ 1ರ ನಂತರ ಅವಧಿ ಮುಗಿದ ಡ್ರೈವಿಂಗ್ ಲೈಸೆನ್ಸ್, ವಾಹನದ ಫಿಟ್‌ನೆಸ್ ಸರ್ಟಿಫಿಕೇಟ್ ಮುಂತಾದವನ್ನು ಜೂನ್ 30ರವರೆಗೆ ಮಾನ್ಯ ಎಂದು ಪರಿಗಣಿಸಲು ಸೂಚಿಸಿತು. ಆರ್‌ಟಿಒ ಕಚೇರಿ ಮುಚ್ಚಿದಾಗ ಇದು ನ್ಯಾಯವಾದದ್ದೇ. ಆದರೆ ಒಂದು ಮಾತು ಮರೆಯಬಾರದು: ಸರ್ಟಿಫಿಕೇಟಿನ ದಿನಾಂಕ ಮುಂದಕ್ಕೆ ಹೋಯಿತು, ಬ್ರೇಕ್ ಸವೆಯುವುದು ನಿಲ್ಲಲಿಲ್ಲ.

2. ಸಮಯದ ಸಡಿಲಿಕೆ. ದಿನಕ್ಕೆ ಎಷ್ಟು ಗಂಟೆ, ವಾರಕ್ಕೆ ಎಷ್ಟು ಗಂಟೆ ಎಂಬ ಮಿತಿಯನ್ನು ಹೆಚ್ಚಿಸುವುದು. ಇದು ನೋಡಲು ಸಂಬಳದ ವಿಷಯದಂತೆ ಕಾಣುತ್ತದೆ. ಆದರೆ ಇದು ಸುರಕ್ಷತೆಯ ವಿಷಯವೇ. ಯಾಕೆ ಎಂಬುದು ಮುಂದೆ ಇದೆ.

3. ರಕ್ಷಣೆಯ ಸಡಿಲಿಕೆ. ಮಾಸ್ಕ್, ಸೇಫ್ಟಿ ಬೆಲ್ಟ್, ಲೈನ್ ಕ್ಲಿಯರ್, ಕೆಲಸದ ಪರ್ಮಿಟ್, ಅನಿಲ ಪರೀಕ್ಷೆ ಇಂಥವನ್ನು ಬಿಡುವುದು. ಇಲ್ಲಿ ಸಡಿಲಿಕೆ ಎಂಬುದು ನೇರವಾಗಿ ಜೀವದ ಮೇಲೆ ಬರುತ್ತದೆ. ಮಹಾಮಾರಿ ಬಂದಿದೆ ಎಂದು 11 ಕೆವಿ ಲೈನು ತನ್ನ ಗುಣ ಬದಲಿಸುವುದಿಲ್ಲ.

ಫಾರ್ವರ್ಡ್‌ಗಳಲ್ಲಿ ಈ ಮೂರೂ ಒಂದರಲ್ಲೊಂದು ಬೆರೆತುಹೋಗುತ್ತವೆ. "ಸರ್ಕಾರ ನಿಯಮ ಸಡಿಲಿಸಿದೆ" ಎಂಬ ಸುದ್ದಿ ಬಂದರೆ ಅದು ಯಾವ ಬಗೆಯದು ಎಂದು ಮೊದಲು ಕೇಳಿ.

ಕರ್ನಾಟಕದಲ್ಲಿ 2020ರಲ್ಲಿ ಏನಾಯಿತು?

1948ರ ಕಾರ್ಖಾನೆ ಕಾಯ್ದೆಯ ಪ್ರಕಾರ ವಯಸ್ಕ ಕಾರ್ಮಿಕರ ಕೆಲಸದ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಅದನ್ನು ಮೀರಿದರೆ ಓವರ್‌ಟೈಮ್, ಅದಕ್ಕೆ ದುಪ್ಪಟ್ಟು ಕೂಲಿ. ಇದೇ ಕಾಯ್ದೆಯ 5ನೇ ಸೆಕ್ಷನ್ 'ಸಾರ್ವಜನಿಕ ತುರ್ತು ಪರಿಸ್ಥಿತಿ'ಯಲ್ಲಿ ಕಾರ್ಖಾನೆಗಳಿಗೆ ವಿನಾಯಿತಿ ಕೊಡುವ ಅಧಿಕಾರವನ್ನು ರಾಜ್ಯ ಸರ್ಕಾರಕ್ಕೆ ಕೊಟ್ಟಿತ್ತು. ಒಂದು ಸಲಕ್ಕೆ ಹೆಚ್ಚೆಂದರೆ 3 ತಿಂಗಳು.

2020ರ ಮೇ 22ರಂದು ಕರ್ನಾಟಕ ಸರ್ಕಾರ ಈ ಸೆಕ್ಷನ್ ಬಳಸಿ ಅಧಿಸೂಚನೆ ಹೊರಡಿಸಿತು. ಕೆಲಸದ ಮಿತಿಯನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗೆ ಏರಿಸಿತು. ಆಗಸ್ಟ್‌ವರೆಗೆ ಅದು ಜಾರಿಯಲ್ಲಿರಬೇಕಿತ್ತು. ಅಗತ್ಯ ಸೇವೆಯ ಕಾರ್ಖಾನೆ, ಸಾಮಾನ್ಯ ಕಾರ್ಖಾನೆ ಎಂಬ ಭೇದ ಅದರಲ್ಲಿ ಇರಲಿಲ್ಲ.

ವಿಷಯ ಹೈಕೋರ್ಟ್ ಮುಂದೆ ಬಂತು. ಕಾಯ್ದೆ ಹೇಳುವ ಅರ್ಥದ 'ಸಾರ್ವಜನಿಕ ತುರ್ತು ಪರಿಸ್ಥಿತಿ' ಎಲ್ಲಿದೆ ಎಂಬ ಪ್ರಶ್ನೆಗೆ ಸರ್ಕಾರ ಉತ್ತರಿಸಬೇಕಾಯಿತು. ಜೂನ್ 11ರಂದು ಸರ್ಕಾರವೇ ಆ ಅಧಿಸೂಚನೆಯನ್ನು ಹಿಂಪಡೆಯಿತು.

ಆ ಪ್ರಶ್ನೆಗೆ ಕೊನೆಯ ಉತ್ತರ ಸಿಕ್ಕಿದ್ದು ಗುಜರಾತಿನ ಪ್ರಕರಣದಲ್ಲಿ. ಗುಜರಾತ್ ಸರ್ಕಾರ 2020ರ ಏಪ್ರಿಲ್ 17ರಂದು ದಿನಕ್ಕೆ 12 ಗಂಟೆ, ವಾರಕ್ಕೆ 72 ಗಂಟೆಗೆ ಅವಕಾಶ ಕೊಟ್ಟಿತ್ತು. ಹೆಚ್ಚುವರಿ ಗಂಟೆಗೆ ದುಪ್ಪಟ್ಟು ಇಲ್ಲ, ಮಾಮೂಲಿ ದರದ ಕೂಲಿ ಮಾತ್ರ. 'ಗುಜರಾತ್ ಮಜ್ದೂರ್ ಸಭಾ' ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2020ರ ಅಕ್ಟೋಬರ್ 1ರಂದು ಇದನ್ನು ರದ್ದುಪಡಿಸಿತು. 5ನೇ ಸೆಕ್ಷನ್ ಹೇಳುವ ತುರ್ತು ಎಂದರೆ ಯುದ್ಧ, ಹೊರಗಿನ ಆಕ್ರಮಣ ಅಥವಾ ಆಂತರಿಕ ಗಲಭೆಯಿಂದ ದೇಶದ ಭದ್ರತೆಗೆ ಬಂದ ಅಪಾಯ. ಮಹಾಮಾರಿಯಿಂದಾದ ಆರ್ಥಿಕ ಹಿಂಜರಿತ ಆ ಸಾಲಿಗೆ ಸೇರುವುದಿಲ್ಲ ಎಂಬುದು ತೀರ್ಪಿನ ಸಾರ. ಆ ಅವಧಿಯಲ್ಲಿ ದುಡಿದ ಹೆಚ್ಚುವರಿ ಗಂಟೆಗಳಿಗೆ ಕಾಯ್ದೆಯ ಪ್ರಕಾರ ಓವರ್‌ಟೈಮ್ ಕೊಡಬೇಕೆಂದೂ ಕೋರ್ಟ್ ಆದೇಶಿಸಿತು.

ಈಗಿನ ಕಾನೂನು ಏನು ಹೇಳುತ್ತದೆ?

ಇಲ್ಲಿ ಎಚ್ಚರಿಕೆಯಿಂದ ಓದಿ. "ಸುಪ್ರೀಂ ಕೋರ್ಟೇ ಹೇಳಿದೆ, ಇನ್ನು ಮಹಾಮಾರಿ ಹೆಸರಲ್ಲಿ ಸಡಿಲಿಸಲಾಗದು" ಎಂದು ಹಂಚಿಕೊಂಡರೆ ಅದು ಇವತ್ತಿಗೆ ಹಳೆಯ ಮಾಹಿತಿ.

ಅದೇ 2020ರಲ್ಲಿ ಸಂಸತ್ತು ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯನ್ನು ಅಂಗೀಕರಿಸಿತು. ಕೇಂದ್ರ ಸರ್ಕಾರ ಅದನ್ನು 2025ರ ನವೆಂಬರ್ 21ರಿಂದ ಜಾರಿಗೆ ತಂದಿದೆ. ಹಳೆಯ ಕಾರ್ಖಾನೆ ಕಾಯ್ದೆಯ ಜಾಗಕ್ಕೆ ಬಂದಿರುವ ಈ ಸಂಹಿತೆಯಲ್ಲಿ ವಿನಾಯಿತಿ ಕೊಡುವ ಕಾರಣಗಳ ಪಟ್ಟಿಗೆ 'ವಿಪತ್ತು' ಮತ್ತು 'ಮಹಾಮಾರಿ' ಎಂಬ ಎರಡು ಪದಗಳು ಸೇರಿವೆ. ಅವಧಿಯೂ 3 ತಿಂಗಳಿಂದ ಒಂದು ಸಲಕ್ಕೆ ಹೆಚ್ಚೆಂದರೆ ಒಂದು ವರ್ಷಕ್ಕೆ ಏರಿದೆ. ಅಂದರೆ 2020ರಲ್ಲಿ ಸರ್ಕಾರಗಳಿಗೆ ಇಲ್ಲದಿದ್ದ ಅಧಿಕಾರ ಈಗ ಕಾನೂನಿನಲ್ಲೇ ಇದೆ.

ಹಾಗೆಂದು ಎಲ್ಲವೂ ಮುಗಿಯಿತು ಎಂದಲ್ಲ. ಈಗಲೂ ಅಧಿಸೂಚನೆ ಹೊರಡಿಸಬೇಕಾದ್ದು ಸರ್ಕಾರ. ಗುತ್ತಿಗೆದಾರನಾಗಲಿ ಸೂಪರ್‌ವೈಸರ್ ಆಗಲಿ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೊರಡಿಸುವ ಹಾಗಿಲ್ಲ. ಅಂಥ ಅಧಿಸೂಚನೆ ಇಲ್ಲದಿರುವಾಗ ಸಂಹಿತೆಯ ಮಾಮೂಲಿ ನಿಯಮಗಳೇ ಅನ್ವಯ: ದಿನಕ್ಕೆ 8 ಗಂಟೆ ಕೆಲಸ, ಓವರ್‌ಟೈಮ್‌ಗೆ ಕಾರ್ಮಿಕರ ಒಪ್ಪಿಗೆ, ಅದಕ್ಕೆ ದುಪ್ಪಟ್ಟು ಕೂಲಿ. ಜೀವಕ್ಕೆ ಅಥವಾ ಆರೋಗ್ಯಕ್ಕೆ ಕೂಡಲೇ ಗಂಭೀರ ಅಪಾಯ ಇದೆ ಎಂದು ಅನಿಸಿದರೆ ಅದನ್ನು ಮಾಲೀಕರ ಗಮನಕ್ಕೆ ತಂದು, ಅದೇ ಹೊತ್ತಿಗೆ ಇನ್‌ಸ್ಪೆಕ್ಟರ್‌ಗೂ ತಿಳಿಸುವ ಹಕ್ಕು ನೌಕರರಿಗೆ ಇದೆ.

ಎರಡು ಗಂಟೆ ಹೆಚ್ಚು ದುಡಿದರೆ ಏನಾಗುತ್ತದೆ?

"ಹೊಲದಲ್ಲಿ ಹದಿನಾಲ್ಕು ತಾಸು ದುಡಿದವರು ನಾವು, ಹತ್ತು ತಾಸು ಯಾವ ಲೆಕ್ಕ" ಎಂಬ ಮಾತು ನಮ್ಮ ಕಡೆ ಸಹಜ. ಹೊಲದ ದುಡಿಮೆ ಹಗುರ ಎಂದು ಯಾರೂ ಹೇಳುವುದಿಲ್ಲ. ಆದರೆ ಅಲ್ಲಿ ದಣಿವಾದರೆ ಬದುವಿನ ಮೇಲೆ ಕೂರಬಹುದು. ಓಡುತ್ತಿರುವ ಕನ್ವೇಯರ್ ಪಕ್ಕ, 60 ಮೀಟರ್ ಎತ್ತರದಲ್ಲಿ, ಅಥವಾ ನಸುಕಿನ 4 ಗಂಟೆಗೆ ನಿಯಂತ್ರಣ ಫಲಕದ ಮುಂದೆ ಕ್ಷಣದ ಮಂಪರೂ ದುಬಾರಿಯಾಗುತ್ತದೆ.

ಪಾಳಿಗಳ ಅವಧಿ ಮತ್ತು ಅಪಘಾತಗಳ ಕುರಿತ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, 8 ಗಂಟೆಯ ಪಾಳಿಗೆ ಹೋಲಿಸಿದರೆ 10 ಗಂಟೆಯ ಪಾಳಿಯಲ್ಲಿ ಅಪಘಾತದ ಸಾಧ್ಯತೆ ಸುಮಾರು 13%, 12 ಗಂಟೆಯ ಪಾಳಿಯಲ್ಲಿ ಸುಮಾರು 27% ಹೆಚ್ಚು ಎಂದು ಕಂಡುಬಂದಿದೆ. ರಾತ್ರಿ ಪಾಳಿಯಲ್ಲಿ ಬೆಳಗಿನ ಪಾಳಿಗಿಂತ ಸುಮಾರು 30% ಹೆಚ್ಚು.

ನಿದ್ದೆಯ ಲೆಕ್ಕ ಇನ್ನೂ ಸ್ಪಷ್ಟ. ಸತತ 17 ಗಂಟೆ ಎಚ್ಚರವಿದ್ದವರ ಚುರುಕುತನ, ರಕ್ತದಲ್ಲಿ 0.05% ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಪ್ರಸಿದ್ಧ ಪ್ರಯೋಗವೊಂದು ತೋರಿಸಿತು. ನಮ್ಮ ದೇಶದಲ್ಲಿ ವಾಹನ ಚಾಲಕರಿಗೆ ಇರುವ ಮಿತಿ 0.03%. ಬೆಳಿಗ್ಗೆ 5ಕ್ಕೆ ಎದ್ದು, ಬಸ್ಸು ಹಿಡಿದು, 12 ಗಂಟೆ ದುಡಿದು, ರಾತ್ರಿ 10ಕ್ಕೆ ಬೈಕಿನಲ್ಲಿ ಊರಿಗೆ ಮರಳುವವರು ಒಂದು ಹನಿ ಕುಡಿಯದೆಯೂ ಆ ಸ್ಥಿತಿಯಲ್ಲಿರಬಹುದು.

ದೀರ್ಘಕಾಲದ ಪರಿಣಾಮವೂ ಇದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ವಾರಕ್ಕೆ 35-40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ ಪಾರ್ಶ್ವವಾಯುವಿನ ಅಪಾಯ 35%, ಹೃದ್ರೋಗದಿಂದ ಸಾಯುವ ಅಪಾಯ 17% ಹೆಚ್ಚು. 2020ರ ಅಧಿಸೂಚನೆಯ ಮಿತಿ ವಾರಕ್ಕೆ 60 ಗಂಟೆ ಇತ್ತು ಎಂಬುದನ್ನು ಇದರ ಪಕ್ಕ ಇಟ್ಟು ನೋಡಿ.

ನಿಂತ ಯಂತ್ರ ಸುರಕ್ಷಿತವೇ?

"ಕಾರ್ಖಾನೆ ಬಂದ್ ಇದ್ದರೆ ಅಪಾಯವಿಲ್ಲ, ಮತ್ತೆ ಸ್ವಿಚ್ ಹಾಕಿದರೆ ಆಯಿತು" ಎಂಬುದು ಇನ್ನೊಂದು ತಪ್ಪು ತಿಳಿವಳಿಕೆ. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್ ಘಟಕದಲ್ಲಿ, ಲಾಕ್‌ಡೌನ್‌ನಿಂದ ಕೆಲಸ ನಿಂತಿದ್ದ ಸಮಯದಲ್ಲಿ, ಟ್ಯಾಂಕಿನಲ್ಲಿದ್ದ ಸ್ಟೈರೀನ್ ಬಿಸಿಯೇರಿ ಆವಿಯಾಗಿ ಸೋರಿತು. 12 ಮಂದಿ ಸತ್ತರು. ಅದೇ ದಿನ ತಮಿಳುನಾಡಿನ ನೈವೇಲಿಯ ಶಾಖೋತ್ಪನ್ನ ಸ್ಥಾವರದಲ್ಲಿ ಬಾಯ್ಲರ್ ಅವಘಡವಾಯಿತು. ಜುಲೈ 1ರಂದು ಅದೇ ಸ್ಥಾವರದ ಇನ್ನೊಂದು ಘಟಕದಲ್ಲಿ ಮತ್ತೆ ಸ್ಫೋಟವಾಗಿ 6 ಕಾರ್ಮಿಕರು ಅಲ್ಲೇ ಸತ್ತರು. ಗಾಯಗೊಂಡಿದ್ದ ಇನ್ನೂ ಕೆಲವರು ಆಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡರು.

ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2020ರ ಮೇ 9ರಂದು ಕಾರ್ಖಾನೆಗಳ ಮರುಆರಂಭಕ್ಕೆ ಮಾರ್ಗಸೂಚಿ ಕೊಟ್ಟಿತು. ಮೊದಲ ವಾರವನ್ನು ಪ್ರಾಯೋಗಿಕ ಓಟವೆಂದು ತಿಳಿಯಿರಿ, ಆ ವಾರ ದೊಡ್ಡ ಉತ್ಪಾದನಾ ಗುರಿ ಇಟ್ಟುಕೊಳ್ಳಬೇಡಿ, ಅಸಹಜ ಸದ್ದು, ವಾಸನೆ, ತೆರೆದ ವೈರು, ಸೋರಿಕೆ, ಹೊಗೆ ಕಂಡರೆ ಗುರುತಿಸಲು ಕಾರ್ಮಿಕರಿಗೆ ಹೇಳಿಕೊಡಿ ಎಂಬುದು ಅದರ ಮುಖ್ಯ ಮಾತು. ತುರ್ತಿನ ಕಾಲದಲ್ಲಿ ಅವಸರ ಹೆಚ್ಚುತ್ತದೆ. ತಪಾಸಣೆ ಹೆಚ್ಚಬೇಕಾದ್ದೂ ಅದೇ ಹೊತ್ತಿನಲ್ಲಿ.

ಮಾಸ್ಕ್, ಸ್ಯಾನಿಟೈಸರ್: ಮೂರು ತಪ್ಪು ನಂಬಿಕೆಗಳು

"ಕೊರೊನಾ ಮಾಸ್ಕ್ ಹಾಕಿದ್ದೇನೆ, ಡಸ್ಟ್ ಮಾಸ್ಕ್ ಬೇಡ." ತಪ್ಪು. ಬಟ್ಟೆಯ ಮಾಸ್ಕ್ ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ಹಾರುಬೂದಿ, ಕಲ್ಲಿದ್ದಲಿನ ಸೂಕ್ಷ್ಮ ದೂಳು ಅಂಚಿನಿಂದ ಒಳಗೆ ಹೋಗುತ್ತದೆ.

"ವಾಲ್ವ್ ಇರುವ ಎನ್-95 ಇನ್ನೂ ಒಳ್ಳೆಯದು." ದೂಳಿನಿಂದ ಹಾಕಿಕೊಂಡವರನ್ನು ಅದು ಕಾಪಾಡುತ್ತದೆ. ಆದರೆ ಬಿಡುವ ಉಸಿರು ವಾಲ್ವ್ ಮೂಲಕ ಶೋಧಿಸದೆ ಹೊರಬರುತ್ತದೆ, ಪಕ್ಕದವರಿಗೆ ರಕ್ಷಣೆ ಇಲ್ಲ. ಕೇಂದ್ರ ಆರೋಗ್ಯ ಸಚಿವಾಲಯ 2020ರ ಜುಲೈನಲ್ಲಿ ಈ ಬಗ್ಗೆ ರಾಜ್ಯಗಳನ್ನು ಎಚ್ಚರಿಸಿತ್ತು.

"ಸ್ಯಾನಿಟೈಸರ್ ಎಷ್ಟು ಹಚ್ಚಿದರೂ ಒಳ್ಳೆಯದೇ." ಆಲ್ಕೋಹಾಲ್ ಇರುವ ಸ್ಯಾನಿಟೈಸರ್ ಬೆಂಕಿ ಹಿಡಿಯುವ ವಸ್ತು. ವೆಲ್ಡಿಂಗ್, ಗ್ಯಾಸ್ ಕಟಿಂಗ್, ವಿದ್ಯುತ್ ಫಲಕದ ಕೆಲಸಕ್ಕೆ ಮುನ್ನ ಕೈ ಪೂರ್ತಿ ಒಣಗಬೇಕು. ಅಂಥ ಕಡೆ ಸೋಪು, ನೀರು ಹೆಚ್ಚು ಸುರಕ್ಷಿತ.

ಬೇರೆ ಕಡೆ ಹೇಗೆ ನಿಭಾಯಿಸಿದರು?

ಅಮೆರಿಕದ ಪರಮಾಣು ನಿಯಂತ್ರಣ ಆಯೋಗ 2020ರ ಮಾರ್ಚ್ ಕೊನೆಯಲ್ಲಿ ಅಣುವಿದ್ಯುತ್ ಸ್ಥಾವರಗಳಿಗೆ ಕೆಲಸದ ಗಂಟೆಯ ಮಿತಿಯನ್ನು ಸಡಿಲಿಸಲು ಮುಂದಾಯಿತು. ಆದರೆ ಪ್ರತಿ ಸ್ಥಾವರವೂ ಬರಹದಲ್ಲಿ ಕೋರಬೇಕಿತ್ತು. ಮೇಲ್ಮಿತಿಯೂ ಇತ್ತು: 24 ಗಂಟೆಯಲ್ಲಿ 16 ಗಂಟೆ, 7 ದಿನದಲ್ಲಿ 86 ಗಂಟೆ ಮೀರಬಾರದು, ಎರಡು ಪಾಳಿಗಳ ನಡುವೆ 10 ಗಂಟೆ ಬಿಡುವು ಬೇಕು, 12 ಗಂಟೆಯ ಪಾಳಿ ಸತತ 14 ದಿನ ಮೀರಬಾರದು, 30 ದಿನದಲ್ಲಿ ಕನಿಷ್ಠ 6 ದಿನ ರಜೆ ಇರಲೇಬೇಕು. ಈ ಗಂಟೆಗಳು ಕಮ್ಮಿ ಎಂದು ಹೇಳಲಾಗದು. ಆದರೂ ಸಡಿಲಿಕೆಗೆ ಸ್ಪಷ್ಟ ಗಡಿ ಇತ್ತು.

ನ್ಯೂಯಾರ್ಕ್ ರಾಜ್ಯದ ಗ್ರಿಡ್ ನಿರ್ವಹಣಾ ಸಂಸ್ಥೆ ಬೇರೆ ದಾರಿ ಹಿಡಿಯಿತು. ಒಪ್ಪಿ ಮುಂದೆ ಬಂದ 37 ನೌಕರರನ್ನು ನಿಯಂತ್ರಣ ಕೇಂದ್ರದ ಆವರಣದಲ್ಲೇ ವಾರಗಟ್ಟಲೆ ಉಳಿಸಿಕೊಂಡಿತು. ಅಲ್ಲಿ ನಿಯಮ ಸಡಿಲಿಸುವ ಬದಲು ಸೋಂಕನ್ನೇ ಹೊರಗಿಟ್ಟರು. ಒಬ್ಬರಿಂದ ಎಷ್ಟು ಹರಡಬಹುದು ಎಂಬುದಕ್ಕೆ ನಮ್ಮದೇ ಉದಾಹರಣೆ ಇದೆ: 2020ರ ಮಾರ್ಚ್ ಕೊನೆಯಲ್ಲಿ ಮೈಸೂರು ಜಿಲ್ಲೆಯ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರೊಬ್ಬರಲ್ಲಿ ಸೋಂಕು ಕಂಡ ಮೇಲೆ, ಆ ಸರಣಿಯಲ್ಲಿ 70ಕ್ಕೂ ಹೆಚ್ಚು ಪ್ರಕರಣಗಳು ಪತ್ತೆಯಾದವು.

ಎಚ್ಚರಿಕೆಯ ಉದಾಹರಣೆಯೂ ಅಮೆರಿಕದ್ದೇ. ಸೋಂಕಿತರ ಸಂಪರ್ಕಕ್ಕೆ ಬಂದ ಅಗತ್ಯ ಸೇವೆಯ ನೌಕರರು ಲಕ್ಷಣವಿಲ್ಲದಿದ್ದರೆ ಮುನ್ನೆಚ್ಚರಿಕೆಯೊಂದಿಗೆ ಕೆಲಸ ಮುಂದುವರಿಸಬಹುದು ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರ 2020ರ ಏಪ್ರಿಲ್ 8ರಂದು ಹೇಳಿತು. ಮಾಂಸ ಸಂಸ್ಕರಣಾ ಘಟಕಗಳು ಅಗತ್ಯ ಎಂದು ಪರಿಗಣಿತವಾಗಿ ನಡೆಯುತ್ತಲೇ ಇದ್ದವು. ಭುಜಕ್ಕೆ ಭುಜ ತಾಗುವಂತೆ ನಿಂತು, ತಂಪು ಕೋಣೆಯಲ್ಲಿ ಮಾಡುವ ಕೆಲಸ ಅದು. ಅದೇ ಕೇಂದ್ರದ ವರದಿಯ ಪ್ರಕಾರ ಏಪ್ರಿಲ್-ಮೇ ತಿಂಗಳಲ್ಲಿ 239 ಘಟಕಗಳಲ್ಲಿ 16,233 ಪ್ರಕರಣಗಳು, 86 ಸಾವು. ಮುನ್ನೆಚ್ಚರಿಕೆ ಕಾಗದದಲ್ಲೇ ಉಳಿದು ಜನರು ಮಾತ್ರ ಕೆಲಸಕ್ಕೆ ಬಂದರೆ, 'ನಿಲ್ಲದ ಕೆಲಸ' ಕೊನೆಗೆ ನಿಂತೇ ಹೋಗುತ್ತದೆ. ಹಲವು ಘಟಕಗಳು ಸೋಂಕಿನಿಂದಲೇ ಮುಚ್ಚಬೇಕಾಯಿತು.

ಸಡಿಲಿಕೆ ಆದೇಶ ಬಂದಿದೆ ಎಂದರೆ ಕೇಳಬೇಕಾದ 6 ಪ್ರಶ್ನೆ

1. ಆದೇಶ ಬರಹದಲ್ಲಿದೆಯೇ? ಅಧಿಸೂಚನೆಯ ಸಂಖ್ಯೆ, ದಿನಾಂಕ, ಹೊರಡಿಸಿದ ಇಲಾಖೆಯ ಹೆಸರು ಇದೆಯೇ?
2. ಎಂದಿನಿಂದ ಎಂದಿನವರೆಗೆ? ಕೊನೆಯ ದಿನಾಂಕ ಇಲ್ಲದ ಸಡಿಲಿಕೆಯನ್ನು ನಂಬಬೇಡಿ.
3. ಯಾವ ನಿಯಮ ಸಡಿಲವಾಗಿದೆ? ಕಾಗದವೇ, ಸಮಯವೇ, ರಕ್ಷಣೆಯೇ?
4. ಬದಲಿಗೆ ಏನು ಕೊಟ್ಟಿದ್ದಾರೆ? ಹೆಚ್ಚು ಗಂಟೆಗೆ ಹೆಚ್ಚು ಬಿಡುವು, ಓವರ್‌ಟೈಮ್, ಮನೆಗೆ ಮರಳಲು ವಾಹನ ಇದೆಯೇ?
5. ಗುತ್ತಿಗೆ ಕಾರ್ಮಿಕರಿಗೂ ಅದೇ ಮಾಸ್ಕ್, ಅದೇ ತಪಾಸಣೆ, ಅದೇ ವಿಮೆ ಇದೆಯೇ? ಸೋಂಕಾದರೆ ಸಂಬಳ ಕಡಿತವಾಗುತ್ತದೆಯೇ? ಕಡಿತದ ಹೆದರಿಕೆ ಇದ್ದರೆ ಜ್ವರ ಬಂದವರು ಮುಚ್ಚಿಟ್ಟು ಬರುತ್ತಾರೆ. ಅದು ಎಲ್ಲರಿಗೂ ಅಪಾಯ.
6. ಅಪಾಯ ಕಂಡರೆ ಯಾರಿಗೆ ಹೇಳಬೇಕು? ಸುರಕ್ಷತಾ ಸಮಿತಿ, ಸೇಫ್ಟಿ ಆಫೀಸರ್, ರಾಜ್ಯದ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಬಾಯಿಮಾತಿಗಿಂತ ಬರೆದು ಕೊಟ್ಟು, ಅದರ ಫೋಟೊ ಇಟ್ಟುಕೊಳ್ಳುವುದು ಒಳ್ಳೆಯದು.

ಇವುಗಳಲ್ಲಿ ಮೊದಲ ಎರಡಕ್ಕೆ ಉತ್ತರ ಸಿಗದಿದ್ದರೆ ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ. ಹಳೆಯ ಆದೇಶದ ಫೋಟೊಗಳು ಹೊಸದೆಂಬಂತೆ ತಿರುಗಾಡುವುದೂ ಉಂಟು. 2020ರ ಮೇ 22ರ ಅಧಿಸೂಚನೆ ಯಾರದಾದರೂ ಫೋನಿನಲ್ಲಿ ಇನ್ನೂ ಇರಬಹುದು. ಅದು ಹಿಂಪಡೆದ ಆದೇಶ ಎಂಬ ಸುದ್ದಿ ಮಾತ್ರ ಅದೇ ಫೋನಿಗೆ ತಲುಪಿರಲಿಕ್ಕಿಲ್ಲ.

ಹಂಚಿಕೊಳ್ಳಲು ಸಾರಾಂಶ

• 'ಅಗತ್ಯ ಸೇವೆ' ಎಂದರೆ ಲಾಕ್‌ಡೌನ್‌ನಿಂದ ವಿನಾಯಿತಿ. ಸುರಕ್ಷತೆಯಿಂದ ವಿನಾಯಿತಿ ಅಲ್ಲ.
• ಕರ್ನಾಟಕದ 10 ಗಂಟೆ ದುಡಿಮೆಯ ಅಧಿಸೂಚನೆ 2020ರ ಮೇ 22ರಂದು ಬಂತು, ಜೂನ್ 11ರಂದು ವಾಪಸ್ಸಾಯಿತು.
• ಹಳೆಯ ಕಾಯ್ದೆಯಡಿ ಮಹಾಮಾರಿ ಕಾರಣಕ್ಕೆ ಸಡಿಲಿಸಲಾಗದು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹೊಸ ಸಂಹಿತೆಯಲ್ಲಿ ಆ ಅಧಿಕಾರ ಸರ್ಕಾರಕ್ಕೆ ಇದೆ, ಒಂದು ಸಲಕ್ಕೆ ಹೆಚ್ಚೆಂದರೆ ಒಂದು ವರ್ಷ.
• ದಣಿವು ಎಂದರೆ ಅಪಘಾತದ ಅಪಾಯ. 12 ಗಂಟೆಯ ಪಾಳಿಯಲ್ಲಿ ಅದು ಸುಮಾರು 27% ಹೆಚ್ಚು.
• ದಿನಾಂಕ, ಅವಧಿ, ಷರತ್ತು ಇಲ್ಲದ ಸಡಿಲಿಕೆಯನ್ನು ಪ್ರಶ್ನಿಸಿ. ಲೈನ್ ಕ್ಲಿಯರ್, ಪರ್ಮಿಟ್, ಸೇಫ್ಟಿ ಬೆಲ್ಟ್ ವಿಷಯದಲ್ಲಿ ರಾಜಿ ಬೇಡ.

ನಿಮ್ಮ ಮನೆಯಲ್ಲಿ ಅಣ್ಣನೋ ತಂಗಿಯೋ ಮಗನೋ ಪಾಳಿ ಕೆಲಸಕ್ಕೆ ಹೋಗುತ್ತಿದ್ದರೆ ಈ ಆರು ಪ್ರಶ್ನೆಗಳನ್ನು ಅವರಿಗೆ ಕಳಿಸಿ. ರೋಗ ಇಲ್ಲದ ದಿನಗಳಲ್ಲೇ ಇವನ್ನು ಕೇಳಿ ರೂಢಿಯಾದರೆ, ರೋಗ ಬಂದ ದಿನ ಕೇಳಲು ಧೈರ್ಯ ಬರುತ್ತದೆ.